ಅಂಗಿಯ ಜೇಬಿನಲ್ಲಿ ಉಳಿದ ಚೀಟಿ

ಶನಿವಾರ ಮಧ್ಯಾಹ್ನ ಮಾರೇನಹಳ್ಳಿಯ ನಮ್ಮ ಮನೆಯ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಅವಳ ಫೋನ್ ಬಂತು. ಅವಳು ಎಂದರೆ ನೌಕಾಪಡೆಯಲ್ಲಿ ನನ್ನ ಜೊತೆ ಪಾಳಿ ಹಂಚಿಕೊಂಡಿದ್ದ ಬಾಗಲಕೋಟೆ ಕಡೆಯ ಹುಡುಗಿ. ನನಗಿಂತ ಐದು ವರ್ಷ ಚಿಕ್ಕವಳು. ಈಗ ಗಂಡ, ಮಗುವಿನ ಜೊತೆ ಕೆಂಗೇರಿಯಲ್ಲಿದ್ದಾಳೆ. ವಿಜಯನಗರದಲ್ಲಿ ಮೆಟ್ರೋ ಹತ್ತಿದರೆ ಅರ್ಧ ಗಂಟೆಯ ದಾರಿ. ಅವಳು ಅಲ್ಲಿಗೆ ಬಂದು ಎರಡು ವರ್ಷವಾದರೂ ನಾನು ಒಮ್ಮೆಯೂ ಹೋಗಿರಲಿಲ್ಲ. ಹಬ್ಬ ಹರಿದಿನಕ್ಕೆ ಮೆಸೇಜು ಕಳಿಸುತ್ತಿದ್ದಳು. ನಾನು ಕೈಮುಗಿದ ಚಿತ್ರವೊಂದನ್ನು ವಾಪಸ್ಸು ಕಳಿಸಿ ಸುಮ್ಮನಾಗುತ್ತಿದ್ದೆ.

"ಅಕ್ಕಾ, ಒಂದು ಕೆಲಸ ಬಂದೈತಿ," ಎಂದಳು.

ಖಾಸಗಿ ಆಂಬುಲೆನ್ಸ್ ಸೇವೆಯೊಂದರ ಕಂಟ್ರೋಲ್ ರೂಮಿನ ಕೆಲಸ. ಕರೆ ಬಂದಾಗ ಯಾವ ಗಾಡಿ ಎಲ್ಲಿಗೆ ಹೋಗಬೇಕು ಎಂದು ಹೇಳುವುದು. ಅವಳ ಹಳೆಯ ಅನುಭವ ನೋಡಿ ಅವರೇ ಕರೆದಿದ್ದರು. ಸೋಮವಾರ ಉತ್ತರ ಕೊಡಬೇಕಿತ್ತು.

"ಒಪ್ಕೋ ಮತ್ತೆ. ನಿನಗೇ ಹೇಳಿ ಮಾಡಿಸಿದ ಹಾಗಿದೆ," ಎಂದೆ.

"ಇಲ್ಲಕ್ಕಾ, ಬ್ಯಾಡ ಅಂತ ಹೇಳಾಕತ್ತೀನಿ. ನನ್ನ ಕಿವಿ ಕಥಿ ನಿಮಗ ಗೊತ್ತೈತಲ್ಲ. ಹೇಳಿದ್ದು ಕೇಳ್ಸೂದಿಲ್ಲ, ಕೇಳ್ಸಿದ್ರ ತಲಿಯಾಗ ನಿಲ್ಲೂದಿಲ್ಲ. ಅವತ್ತ ಒಬ್ಬ ಅಜ್ಜನ ಬೆರಳು ಹೋದ್ವು. ಇಲ್ಲಿ ಯಾರದರ ಜೀವಾನ ಹೋದ್ರ?" ಎಂದಳು. ಆಮೇಲೆ ಸಂಕೋಚದಿಂದ, "ನೀವು ಇಂಗ್ಲಿಷ್ ಚಲೋ ಬರೀತೀರಿ. ಮರ್ಯಾದಿಯಿಂದ ಬ್ಯಾಡ ಅಂತ ಹೇಳೂ ಹಂಗ ಒಂದು ಮೇಲ್ ಬರದು ಕೊಡ್ರಿ," ಎಂದಳು.

"ಆಯ್ತು, ಕಳಿಸ್ತೀನಿ," ಎಂದು ಫೋನಿಟ್ಟೆ. ಕೈಯಲ್ಲಿದ್ದ ದಿಂಬಿನ ಕವರು ನೀರು ಸೋರಿಸುತ್ತ ಹಾಗೇ ಇತ್ತು. ಅವಳ ಕಿವಿಗೆ ಏನೂ ಆಗಿಲ್ಲ. ಅದು ನನಗೆ ಆರು ವರ್ಷದಿಂದ ಗೊತ್ತು.

ನೌಕಾಪಡೆ ಎಂದರೆ ಜನ ಹಡಗಿನ ತುದಿಯಲ್ಲಿ ದುರ್ಬೀನು ಹಿಡಿದು ನಿಂತವರನ್ನು ಕಲ್ಪಿಸಿಕೊಳ್ಳುತ್ತಾರೆ. ನಮ್ಮ ಬೀದಿಯ ಕೊನೆ ಮನೆಯ ಆಂಟಿ ಈಗಲೂ ಸಿಕ್ಕಾಗೆಲ್ಲ, "ಹಡಗಲ್ಲಿ ನಿನಗೆ ವಾಂತಿ ಬರ್ತಿರ್ಲಿಲ್ವೇನೇ?" ಎಂದು ಕೇಳುತ್ತಾರೆ. ಆರು ವರ್ಷದ ಹಿಂದಿನ ಯುದ್ಧದ ಆ ಇಪ್ಪತ್ತೆರಡು ದಿನ ನಾನು ಸಮುದ್ರವನ್ನೇ ನೋಡಲಿಲ್ಲ ಎಂದರೆ ನಂಬುವುದಿಲ್ಲ. ನಮ್ಮದು ದಡದ ಮೇಲಿನ ಕೆಲಸ. ಪಶ್ಚಿಮ ಕರಾವಳಿಯ ಒಂದು ನೆಲೆ, ಅದರೊಳಗೆ ಕಿಟಕಿಯೇ ಇಲ್ಲದ ಒಂದು ಕೋಣೆ. ಗೋಡೆ ತುಂಬ ಪರದೆಗಳು, ಪರದೆ ತುಂಬ ಚುಕ್ಕೆಗಳು. ಪ್ರತಿ ಚುಕ್ಕೆಯೂ ಒಂದು ಹಡಗು ಅಥವಾ ದೋಣಿ. ಯಾವುದು ನಮ್ಮದು, ಯಾವುದು ವ್ಯಾಪಾರದ್ದು, ಯಾವುದು ಮೀನುಗಾರರದ್ದು, ಯಾವುದು ಯಾರಿಗೂ ಗೊತ್ತಿಲ್ಲದ್ದು ಎಂದು ಗುರುತು ಹಾಕಿಡುವುದು ನಮ್ಮ ಕೆಲಸ. ಗುರುತಿಲ್ಲದ ಚುಕ್ಕೆ ಕಂಡರೆ ಮೇಲಿನವರಿಗೆ ಹೇಳಬೇಕು. ಅವರು ಗಸ್ತಿನ ಹಡಗು ಕಳಿಸುತ್ತಾರೆ.

ನಮ್ಮ ಮೇಜಿಗೆ ನಾವಿಬ್ಬರೇ. ಆರು ಗಂಟೆ ನಾನು, ಆರು ಗಂಟೆ ಅವಳು, ಮತ್ತೆ ನಾನು. ಕಾಗದದ ಮೇಲೆ ಇದು ಸರಿಯಾಗಿಯೇ ಕಾಣುತ್ತದೆ. ಆದರೆ ಆ ಬಿಡುವಿನ ಆರು ಗಂಟೆಯಲ್ಲೇ ಊಟ, ಸ್ನಾನ, ಬಟ್ಟೆ ಒಗೆಯುವುದು, ಇಸ್ತ್ರಿ ಹಾಕುವುದು ಎಲ್ಲ ಆಗಬೇಕು. ಯುದ್ಧ ಬಂದರೂ ಬಿಳಿ ಅಂಗಿಯ ಮಡಿಕೆ ಕತ್ತಿಯ ಹಾಗಿರಬೇಕು. ನಿದ್ದೆಗೆ ಉಳಿಯುವುದು ಮೂರು ಗಂಟೆ, ಹೆಚ್ಚೆಂದರೆ ಮೂರೂವರೆ. ನೆಲೆಗೆ ಜನ ಹೆಚ್ಚಾಗಿದ್ದರಿಂದ ಹೆಂಗಸರಿಗೆ ಒಂದೇ ಕೋಣೆ ಉಳಿದಿತ್ತು, ನಮ್ಮಿಬ್ಬರಿಗೆ ಒಂದೇ ಮಂಚ. ನಾನು ಹೋಗಿ ಬಿದ್ದುಕೊಳ್ಳುವಾಗ ಹಾಸಿಗೆ ಇನ್ನೂ ಅವಳ ಮೈಬಿಸಿಯಲ್ಲೇ ಇರುತ್ತಿತ್ತು. ದಿಂಬಿನ ಮೇಲೆ ಅವಳ ತುರುಬಿನ ಪಿನ್ನು ಸಿಕ್ಕರೆ ನನ್ನ ತುರುಬಿಗೇ ಸಿಕ್ಕಿಸಿಕೊಳ್ಳುತ್ತಿದ್ದೆ. ತುರುಬು ಬಿಚ್ಚಿ ಮತ್ತೆ ಕಟ್ಟಲು ಹತ್ತು ನಿಮಿಷ ಬೇಕಾಗುತ್ತಿದ್ದರಿಂದ ಇಬ್ಬರೂ ಅದನ್ನು ಬಿಚ್ಚದೆಯೇ ಮಲಗುತ್ತಿದ್ದೆವು.

ಕೋಣೆಯೊಳಗೆ ಯಂತ್ರಗಳಿಗಾಗಿ ಎಸಿ ಹಾಕಿದ್ದರು, ಮನುಷ್ಯರಿಗಲ್ಲ. ಹೊರಗೆ ಸೆಕೆ ಸುಡುತ್ತಿದ್ದರೆ ನಾವು ಒಳಗೆ ಸ್ವೆಟರು ಹಾಕಿ ನಡುಗುತ್ತಿದ್ದೆವು. ಹೆಂಗಸರ ಶೌಚಾಲಯ ಪಕ್ಕದ ಕಟ್ಟಡದಲ್ಲಿತ್ತು. ಹೋಗಿ ಬರಲು ಯಾರನ್ನಾದರೂ ಮೇಜಿಗೆ ಕೂರಿಸಬೇಕು, ಕೂರಿಸಲು ಯಾರನ್ನಾದರೂ ಕೇಳಬೇಕು. ಕೇಳುವುದೇ ಬೇಡ ಎಂದು ಇಬ್ಬರೂ ನೀರು ಕುಡಿಯುವುದನ್ನು ಕಡಿಮೆ ಮಾಡಿದೆವು. ಮುಟ್ಟಿನ ದಿನಗಳಲ್ಲಿ ಪಟ್ಟ ಪಾಡನ್ನು ಏನೆಂದು ಹೇಳಲಿ. ಮೊಬೈಲನ್ನು ಬಾಗಿಲ ಹೊರಗಿನ ಲಾಕರಿನಲ್ಲಿ ಇಟ್ಟು ಹೋಗಬೇಕಿತ್ತು. ಪಾಳಿ ಮುಗಿಸಿ ತೆಗೆದರೆ ಅಮ್ಮನ ಹನ್ನೊಂದು ಕರೆ ಇರುತ್ತಿದ್ದವು. ಟಿವಿಯವರು ಇಡೀ ದಿನ ಯುದ್ಧ ಯುದ್ಧ ಎಂದು ಕೂಗಿ ಅವಳನ್ನು ಹೆದರಿಸಿಟ್ಟಿದ್ದರು. "ಊಟ ಆಯ್ತಾ?" ಎಂದು ಕೇಳುತ್ತಿದ್ದಳು. "ಆಯ್ತು," ಎನ್ನುತ್ತಿದ್ದೆ. ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ, ಹೇಳುವ ಶಕ್ತಿಯೂ ಇರಲಿಲ್ಲ.

ಪಾಳಿ ಒಪ್ಪಿಸುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿ. ಹೋಗುವವರು ನಿಂತುಕೊಂಡು ಬಾಕಿ ಇರುವ ವಿಷಯಗಳನ್ನು ಒಂದೊಂದಾಗಿ ಹೇಳಬೇಕು. ಬರುವವರು ಪ್ರತಿಯೊಂದನ್ನೂ ತಿರುಗಿ ಹೇಳಬೇಕು. ಹೇಳಿ, "ಸರಿಯಾ?" ಎಂದು ಕೇಳಬೇಕು. "ಸರಿ," ಎಂದ ಮೇಲೆಯೇ ಮುಂದಿನ ವಿಷಯ. ನಡುವೆ ಬಂದ ಫೋನು, ಸಂದೇಶಗಳನ್ನು ಚೀಟಿಯಲ್ಲಿ ಬರೆದು, ರಿಜಿಸ್ಟರಿಗೆ ಏರಿಸಿ, ಚೀಟಿಯನ್ನೂ ಕ್ಲಿಪ್ಪಿಗೆ ಸಿಕ್ಕಿಸಿ ಕೈಗೆ ಕೊಡಬೇಕು. ಇಷ್ಟಾಗುವವರೆಗೆ ಹೋಗುವವರು ಹೋಗುವ ಹಾಗಿಲ್ಲ. ಈ ವಿಷಯದಲ್ಲಿ ಅವಳು ಬಹಳ ಕಟ್ಟುನಿಟ್ಟು. ನಾನು ಆಕಳಿಸುತ್ತ ಅರ್ಧಂಬರ್ಧ ಹೇಳಿದರೆ, "ಮ್ಯಾಡಂ, ಇನ್ನೊಮ್ಮೆ ಹೇಳ್ರಿ," ಎಂದು ನಿಲ್ಲಿಸುತ್ತಿದ್ದಳು. ನನಗೆ ರೇಗುತ್ತಿತ್ತು.

ಹದಿನೇಳನೆಯ ದಿನ ನನ್ನದು ಬೆಳಗ್ಗೆ ಎಂಟರಿಂದ ಎರಡರವರೆಗಿನ ಪಾಳಿ. ಒಂದು ಗಂಟೆಯ ಹೊತ್ತಿಗೆ ಮೀನುಗಾರರ ಬಂದರಿನಿಂದ ಒಬ್ಬರು ಫೋನ್ ಮಾಡಿದರು. ಒಂದು ದೋಣಿಯ ಎಂಜಿನ್ ಕೆಟ್ಟಿದೆ, ಏಳು ಜನ ಇದ್ದಾರೆ, ಗುರುತು ಕಳಿಸುವ ಯಂತ್ರವೂ ನಿಂತಿದೆ, ಸಂಜೆ ಇನ್ನೊಂದು ದೋಣಿ ಹೋಗಿ ಎಳೆದು ತರುತ್ತದೆ, ಎಂದರು. ಅವರು ಕರಾವಳಿಯ ಕನ್ನಡದಲ್ಲಿ ಹೇಳುತ್ತ ಹೋದರು, ನನ್ನ ಕೈ ಕನ್ನಡದಲ್ಲೇ ಬರೆಯುತ್ತ ಹೋಯಿತು. ಎಚ್ಚರವಿದ್ದಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲೇ ಆಗಬೇಕು, ನಮ್ಮಿಬ್ಬರನ್ನು ಬಿಟ್ಟರೆ ಆ ಕೋಣೆಯಲ್ಲಿ ಕನ್ನಡ ಓದಬಲ್ಲವರೇ ಇರಲಿಲ್ಲ. ಇದನ್ನು ಇಂಗ್ಲಿಷಿಗೆ ಇಳಿಸಿ ರಿಜಿಸ್ಟರಿಗೆ ಏರಿಸಬೇಕು ಎಂದುಕೊಳ್ಳುವಷ್ಟರಲ್ಲಿ ಹಿರಿಯ ಅಧಿಕಾರಿಯೊಬ್ಬರು ಒಳಗೆ ಬಂದರು. ಎದ್ದು ನಿಂತೆ. ಕನ್ನಡದ ಚೀಟಿ ಅವರ ಕಣ್ಣಿಗೆ ಬೀಳದಿರಲಿ ಎಂದು ಮಡಚಿ ಅಂಗಿಯ ಜೇಬಿಗೆ ಹಾಕಿದೆ.

ಅವರು ಕೇಳಿದ ದಾಖಲೆ ತೆಗೆಯುವುದರಲ್ಲೇ ಗಂಟೆ ಎರಡಾಯಿತು. ಅವಳು ಬಂದು ನಿಂತಳು. ನಾನು ಎರಡು ವಿಷಯ ಹೇಳಿದೆ, ಅವಳು ಎರಡನ್ನೂ ತಿರುಗಿ ಹೇಳಿದಳು. "ಇನ್ನೇನರ ಐತ್ರಿ?" ಎಂದು ಕೇಳಿದಳು. ಅವಳ ಕಣ್ಣು ಕೆಂಪಗಿದ್ದವು, ನಿಂತಲ್ಲೇ ಸಣ್ಣಗೆ ತೂಗುತ್ತಿದ್ದಳು. "ಏನಿಲ್ಲ, ಅಷ್ಟೇ," ಎಂದು ಹೊರಟುಬಿಟ್ಟೆ. ನನಗೆ ಮಂಚವೊಂದನ್ನು ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲ.

ನಾಲ್ಕು ಗಂಟೆಗೆ ಅವಳ ಪರದೆಯ ಮೇಲೆ ಗುರುತಿಲ್ಲದ ಚುಕ್ಕೆಯೊಂದು ಕಂಡಿತು. ರಿಜಿಸ್ಟರು ನೋಡಿದಳು, ಕ್ಲಿಪ್ಪು ನೋಡಿದಳು, ಎರಡರಲ್ಲೂ ಏನೂ ಇರಲಿಲ್ಲ. ಮಾಡಬೇಕಾದದ್ದನ್ನೇ ಮಾಡಿದಳು, ಮೇಲಿನವರಿಗೆ ಹೇಳಿದಳು. ಗಸ್ತಿನ ಹಡಗು ಹೊರಟಿತು. ಯುದ್ಧದ ದಿನಗಳಲ್ಲಿ ಬೂದು ಬಣ್ಣದ ಹಡಗೊಂದು ಧ್ವನಿವರ್ಧಕದಲ್ಲಿ ಕೂಗುತ್ತ ನೇರ ತಮ್ಮ ಮೇಲೆಯೇ ಬರುವುದನ್ನು ಕಂಡು ದೋಣಿಯವರು ದಿಕ್ಕೆಟ್ಟರು. ಎಲ್ಲರಿಗಿಂತ ಹಿರಿಯನಾದ ಮುದುಕನೊಬ್ಬ ನೀರಿಗೆ ಹಾರಿದ. ಮತ್ತೆ ಮೇಲೆ ಎತ್ತುವಾಗ ಅವನ ಕೈ ದೋಣಿಗೂ ಹಡಗಿಗೂ ನಡುವೆ ಸಿಕ್ಕಿತು. ಜೀವ ಉಳಿಯಿತು. ಬಲಗೈಯ ಮೂರು ಬೆರಳು ಹೋದವು.

ಸಂಜೆ ಎದ್ದಾಗ ಸುದ್ದಿ ಹೆಂಗಸರ ಕೋಣೆಯವರೆಗೂ ಹಬ್ಬಿತ್ತು. ಎಲ್ಲೋ ದೋಣಿ, ಯಾರಿಗೋ ಗಾಯ ಎಂದು ಅರ್ಧ ನಿದ್ದೆಯಲ್ಲಿ ಕೇಳಿಸಿಕೊಂಡೆ. ಅಂಗಿ ಒಗೆಯಲು ಬಕೆಟ್ಟಿಗೆ ಹಾಕುವ ಮುಂಚೆ, ಅಭ್ಯಾಸದಂತೆ ಜೇಬಿಗೆ ಕೈ ಹಾಕಿದೆ. ಚೀಟಿ ಬೆರಳಿಗೆ ತಾಗಿತು. ಬಿಡಿಸಿ ನೋಡುವ ಅಗತ್ಯವಿರಲಿಲ್ಲ. ಬಚ್ಚಲಿನ ಒದ್ದೆ ನೆಲದ ಮೇಲೆ ಹಾಗೇ ಕುಳಿತುಬಿಟ್ಟೆ.

ಎರಡು ದಿನದ ನಂತರ ವಿಚಾರಣೆ. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಬಾಕಿ ವಿಷಯ ಎಲ್ಲ ಒಪ್ಪಿಸಿದೆಯಾ ಎಂದು. "ರಿಜಿಸ್ಟರಿನಲ್ಲಿದ್ದದ್ದನ್ನೆಲ್ಲ ಒಪ್ಪಿಸಿದ್ದೇನೆ, ಸರ್," ಎಂದೆ. ನೋಡಿ, ಒಂದು ಅಕ್ಷರವೂ ಸುಳ್ಳಲ್ಲ. ಆ ವಾಕ್ಯವನ್ನು ಎರಡು ದಿನ ಬಾಯಲ್ಲಿ ತಿರುವಿ ತಿರುವಿ ನುಣುಪು ಮಾಡಿಟ್ಟುಕೊಂಡಿದ್ದೆ. ಬಂದರಿನವರು ಮಧ್ಯಾಹ್ನ ಫೋನ್ ಮಾಡಿದ್ದೆವು ಎಂದು ಹೇಳಿದ್ದರು, ಎಷ್ಟು ಗಂಟೆಗೆ ಎಂಬುದು ಅವರಿಗೆ ನೆನಪಿರಲಿಲ್ಲ, ಆದ್ದರಿಂದ ಮಾಹಿತಿ ಬಂದಿತ್ತು ಎಂಬುದಷ್ಟೇ ಖಚಿತವಾಗಿತ್ತು. ಹಾಗಾದರೆ ಎಲ್ಲಿ ತಪ್ಪಿತು ಎಂದು ಅವಳನ್ನು ಕೇಳಿದರು. ನನ್ನ ಕಡೆ ಒಮ್ಮೆ ನೋಡಿದಳು. ಅನುಮಾನದ ನೋಟವಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ನೋಡಿದ್ದು ನನ್ನ ಕ್ಷಮೆ ಕೇಳುವವಳ ಹಾಗೆ. "ಮೇಡಂ ಹೇಳಿರಬೇಕು ಸರ್. ನನಗೆ ಕೇಳಿಸಿಲ್ಲ. ತುಂಬ ನಿದ್ದೆಗಣ್ಣಿನಲ್ಲಿದ್ದೆ," ಎಂದಳು.

ನಾನು ಬಾಯಿ ಬಿಡಲಿಲ್ಲ.

ಆಗ ಸುಮ್ಮನಿದ್ದುದಕ್ಕೆ ಆಮೇಲೆ ಎಷ್ಟೋ ಕಾರಣ ಹುಡುಕಿಕೊಂಡೆ. ಹೆಂಗಸೊಬ್ಬಳು ತಪ್ಪು ಮಾಡಿದರೆ ಅದು ಎಲ್ಲ ಹೆಂಗಸರ ತಪ್ಪಾಗುತ್ತದೆ, ಹಿರಿಯಳ ತಪ್ಪಾದರೆ ಇನ್ನೂ ದೊಡ್ಡದಾಗುತ್ತದೆ ಎಂದುಕೊಂಡೆ. ಹೇಗೂ ತಪ್ಪು ಹೆಂಗಸಿನ ಮೇಲೆಯೇ ಹೋಯಿತು, ನನ್ನ ಮೇಲೆ ಹೋಗಲಿಲ್ಲ ಅಷ್ಟೇ. ನಿಜ ಹೇಳಬೇಕೆಂದರೆ ನನ್ನ ಸೇವಾವಧಿ ವಿಸ್ತರಣೆಯ ಕಾಗದ ಮೇಲೆ ಹೋಗಿತ್ತು, ನಾನು ಹೆದರಿದ್ದೆ. ನನಗೆ ವಿಸ್ತರಣೆ ಸಿಕ್ಕಿತು. ಅವಳಿಗೆ ಎಚ್ಚರಿಕೆಯ ಕಾಗದ ಸಿಕ್ಕಿತು, ಅವಧಿ ಮುಗಿದಾಗ ಮುಂದುವರಿಸಲಿಲ್ಲ. ಹೊರಡುವ ದಿನ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, "ನನ್ನಿಂದ ನಿಮಗೂ ಕೆಟ್ಟ ಹೆಸರು ಬರೂದಿತ್ತು ಅಕ್ಕಾ," ಎಂದಿದ್ದಳು. ಅದಾದ ಎರಡು ವರ್ಷಕ್ಕೆ ನಾನೂ ಬಿಟ್ಟು ಬಂದೆ. ಈಗ ಬಸವೇಶ್ವರನಗರದ ಒಂದು ಶಾಲೆಯಲ್ಲಿ ಆಡಳಿತದ ಕೆಲಸ ನೋಡಿಕೊಳ್ಳುತ್ತೇನೆ. ಎಂಟು ಗಂಟೆ ಮಲಗುತ್ತೇನೆ, ಆದರೂ ಎದ್ದಾಗ ಸುಸ್ತು. ಡಾಕ್ಟರು ರಕ್ತ ಕಡಿಮೆ ಎಂದು ಮಾತ್ರೆ ಕೊಟ್ಟಿದ್ದಾರೆ.

ಶನಿವಾರ ಸಂಜೆ ಅವಳ ಪರವಾಗಿ ಆ ಮೇಲ್ ಬರೆಯಲು ಕುಳಿತೆ. "ಅವಕಾಶಕ್ಕೆ ಧನ್ಯವಾದ" ಎಂಬಲ್ಲಿಗೆ ನಿಂತುಹೋಯಿತು. ಅಲ್ಲಿಯವರೆಗೆ ನಾನು ಅವಳಿಂದ ತೆಗೆದುಕೊಂಡದ್ದು ಒಂದು ಕೆಲಸ ಮಾತ್ರ ಎಂದುಕೊಂಡಿದ್ದೆ. ಅವಳು ಬೇರೆ ಕೆಲಸ ಹುಡುಕಿಕೊಳ್ಳುತ್ತಾಳೆ, ಮದುವೆಯಾಗಿದೆ, ಮಗುವಿದೆ, ಮರೆತಿರುತ್ತಾಳೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ತನ್ನ ಕಿವಿಯನ್ನೇ ನಂಬದೆ ಅವಳು ಆರು ವರ್ಷ ಬದುಕಿದ್ದಾಳೆ ಎಂಬುದು ನನ್ನ ತಲೆಗೆ ಬಂದಿರಲೇ ಇಲ್ಲ.

ಭಾನುವಾರ ಬೆಳಗ್ಗೆ ಅಪ್ಪ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅಪ್ಪ ಬಿನ್ನಿಪೇಟೆಯ ಗಿರಣಿಯಲ್ಲಿ ಮಗ್ಗ ನೋಡಿಕೊಂಡಿದ್ದವರು. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಪಾಳಿಯ ಮಾತೆಂದರೆ ಅವರಿಗೆ ಈಗಲೂ ಆಸೆ. ಎದುರು ಕುಳಿತು ಕಾಯಿ ಸುಲಿಯುತ್ತ, ಮುಖ ನೋಡದೆ ಎಲ್ಲವನ್ನೂ ಹೇಳಿದೆ. ಮೊದಲ ಬಾರಿಗೆ ಒಬ್ಬರಿಗೆ ಹೇಳಿದ್ದು.

ಅಪ್ಪ ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದರು. ಆಮೇಲೆ, "ನಾವು ಮಗ್ಗ ಬಿಟ್ಟು ಬರೋವಾಗ ಎಲ್ಲೆಲ್ಲಿ ದಾರ ಕಿತ್ತಿದೆ ಅಂತ ಬರೋನಿಗೆ ಬೆರಳಿಟ್ಟು ತೋರಿಸ್ತಿದ್ವಿ. ಆ ಸದ್ದಲ್ಲಿ ಮಾತು ಕೇಳ್ತಿರ್ಲಿಲ್ಲ ನೋಡು. ತೋರಿಸ್ದೆ ಬಂದ್ರೆ ಬಟ್ಟೆ ಕೆಡೋದು, ಕೂಲಿ ಹಿಡಿಯೋದು ಅವನಿಗೆ," ಎಂದರು.

"ನಾನು ತೋರಿಸ್ದೆ ಬಂದೆ ಅಪ್ಪ."

"ಹೋಗಿ ತೋರ್ಸು ಮತ್ತೆ. ಕೆಂಗೇರಿ ಏನು ಕಾಶೀನಾ?" ಎಂದು ಸಿಪ್ಪೆಯ ಮೊರ ಎತ್ತಿಕೊಂಡು ಒಳಗೆ ಹೋದರು. ಅವರಿಗೆ ನನ್ನ ಮೇಲೆ ಬೇಸರವಾಗಿತ್ತು. ಮಧ್ಯಾಹ್ನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಚೀಟಿ ನನ್ನ ಹೊಲಿಗೆಯ ಡಬ್ಬಿಯಲ್ಲಿತ್ತು, ಗುಂಡಿಗಳ ಕೆಳಗೆ. ಅದನ್ನು ಏಕೆ ಎಸೆಯಲಿಲ್ಲ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಪರ್ಸಿನಲ್ಲಿಟ್ಟುಕೊಂಡು ಮೆಟ್ರೋ ಹತ್ತಿದೆ. ಕುಳಿತುಕೊಳ್ಳಲು ಜಾಗವಿತ್ತು, ಆದರೆ ನಿಂತೇ ಹೋದೆ. ಕುಳಿತರೆ ಹಾಗೇ ಮುಂದೆ ಹೋಗಿ ವಾಪಸ್ಸು ಬಂದುಬಿಡುತ್ತೇನೆ ಎಂಬ ಭಯ.

ಅವಳ ಮನೆ ಎರಡನೆಯ ಮಹಡಿ. ಗಂಡ ಮಗುವನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದ. "ಮೇಲ್ ಕಳಸ್ತೀನಂದ್ರಿ, ನೀವ ಬಂದ್ಬಿಟ್ರಿ! ಬರ್ರಿ ಅಕ್ಕಾ, ಕುಂದರ್ರಿ. ಚಾ ಇಡ್ತೀನಿ," ಎಂದು ಖುಷಿಯಿಂದ ಅಡುಗೆಮನೆಗೆ ಓಡಿದಳು. ಹಿಂದೆಯೇ ಹೋದೆ. ಅಡುಗೆಮನೆಯ ಗೋಡೆಯ ತುಂಬ ಚೀಟಿಗಳು. ಗ್ಯಾಸ್ ಆರಿಸು. ಹಾಲಿನವನಿಗೆ ನಾಳೆ ಅರ್ಧ ಲೀಟರ್ ಅಂತ ಹೇಳೀನಿ. ಅತ್ತಿ ಫೋನ್ ಮಾಡಿದ್ರು, ಗುರುವಾರ ಬರ್ತಾರ. ಮಗುವಿನ ಲಸಿಕೆ. ಕೆಲವು ಚೀಟಿಗಳಲ್ಲಿ ಒಂದೇ ಮಾತನ್ನು ಎರಡೆರಡು ಸಲ ಬರೆದಿದ್ದಳು.

"ನನ್ನ ತಲಿ ಎಲ್ಲಾ ಗ್ವಾಡಿ ಮ್ಯಾಲ ಐತಿ," ಎಂದು ನಕ್ಕಳು.

ನನಗೆ ನಗಲಾಗಲಿಲ್ಲ. ಚೀಟಿ ತೆಗೆದು ಕೊಟ್ಟೆ. "ಚಹಾ ಆಮೇಲೆ. ಮೊದ್ಲು ಇದನ್ನ ಓದು."

ಓದಿದಳು. ದೋಣಿ, ಎಂಜಿನ್ ಕೆಟ್ಟಿದೆ, ಏಳು ಜನ, ಯಂತ್ರ ನಿಂತಿದೆ, ಸಂಜೆ ಎಳೆದು ತರುತ್ತಾರೆ. ಕೊನೆಯಲ್ಲಿ, ನಮ್ಮವರು. ಓದುತ್ತ ಓದುತ್ತ ಅವಳ ತುಟಿ ಅಲುಗುವುದು ನಿಂತಿತು.

"ನಿಮ್ಮ ಅಕ್ಷರ."

"ಹೂಂ."

"ಎಲ್ಲಿತ್ತಿದು?"

"ನನ್ನ ಅಂಗಿ ಜೇಬಲ್ಲಿ. ನಾನು ನಿನಗೆ ಹೇಳ್ಲೇ ಇಲ್ಲ ಕಣೇ. ಎರಡು ವಿಷಯ ಹೇಳ್ದೆ, ನೀನು ಎರಡೂ ಸರಿಯಾಗಿ ತಿರುಗಿ ಹೇಳ್ದೆ. ಇನ್ನೇನಾದ್ರೂ ಇದೆಯಾ ಅಂತಾನೂ ಕೇಳ್ದೆ. ನಾನೇ ಇಲ್ಲ ಅಂದೆ. ನಿನ್ನ ಕಿವಿ ಸರಿಯಾಗೇ ಇತ್ತು."

"ಯಾವಾಗ ಗೊತ್ತಾತು ನಿಮಗ?"

"ಅವತ್ತೇ ಸಂಜೆ."

"ವಿಚಾರಣಿಗಿಂತ ಮೊದಲ?"

"ಮೊದ್ಲೇ."

ಒಲೆಯ ಮೇಲೆ ಹಾಲು ಉಕ್ಕಿ ಸುರಿಯಿತು. ಅವಳು ಅತ್ತ ನೋಡಲೇ ಇಲ್ಲ, ನಾನೇ ಕೈಚಾಚಿ ಗ್ಯಾಸ್ ಆರಿಸಿದೆ. ಅವಳು ಬೈಯುತ್ತಾಳೆ, ಅಳುತ್ತಾಳೆ, ಚೀಟಿಯನ್ನು ಹರಿದು ಮುಖದ ಮೇಲೆ ಎಸೆಯುತ್ತಾಳೆ ಎಂದು ಕಾದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಆ ಕೋಣೆಯಲ್ಲಿ ನಿಲ್ಲುತ್ತಿದ್ದ ಹಾಗೆಯೇ ನೆಟ್ಟಗೆ ನಿಂತಳು.

"ಇನ್ನೊಮ್ಮೆ ಹೇಳ್ರಿ ಮ್ಯಾಡಂ."

ಇನ್ನೊಮ್ಮೆ ಹೇಳಿದೆ. ಮೊದಲ ಸಲಕ್ಕಿಂತ ಕಷ್ಟವಾಯಿತು.

"ದೋಣಿ ವಿಷಯ ಮ್ಯಾಡಂ ನನಗ ಹೇಳಿಲ್ಲ," ಎಂದು ಅವಳು ತಿರುಗಿ ಹೇಳಿದಳು. ಒಂದೊಂದೇ ಪದವನ್ನು ಬಿಡಿಸಿ ಹೇಳಿದಳು. "ಹೇಳಿದ್ದನ್ನ ನಾ ಕೇಳೀನಿ. ಕೇಳಿದ್ದನ್ನ ತಿರುಗಿ ಹೇಳೀನಿ. ನನ್ನ ಕಿವಿ ಸರಿ ಐತಿ. ಸರಿಯಾ?"

"ಸರಿ," ಎಂದೆ. "ತಪ್ಪಾಯ್ತು ಕಣೇ. ತುಂಬಾ ದೊಡ್ಡ ತಪ್ಪಾಯ್ತು."

ಅವಳು ನನ್ನನ್ನೇ ನೋಡಿದಳು. "ಅದನ್ನ ನಾ ತಿರುಗಿ ಹೇಳೂದಿಲ್ಲ," ಎಂದಳು.

ಕೆಳಗೆ ಮಗುವಿನ ದನಿ ಕೇಳಿಸಿತು. ಹೊರಡಬೇಕೆಂದು ತಿಳಿಯಿತು. ಮೇಲ್ ವಿಷಯ ಏನು ಮಾಡಲಿ ಎಂದು ಕೇಳಿದ್ದಕ್ಕೆ, "ನಾನ ಬರ್ಕೋತೀನಿ, ಕೆಲಸಕ್ಕ ಬರ್ತೀನಿ ಅಂತ," ಎಂದಳು. ಹಾಲು ಚೆಲ್ಲಿದ ಕಟ್ಟೆಯ ಅಂಚಿನಲ್ಲಿ ಚೀಟಿ ಇತ್ತು. ಒದ್ದೆಯಾಗುತ್ತದೆ ಎಂದು ಎತ್ತಿಕೊಳ್ಳಲು ಕೈ ಚಾಚಿದೆ. ಅವಳು ನನಗಿಂತ ಮುಂಚೆ ಎತ್ತಿಕೊಂಡಳು.

"ಇದು ಇಲ್ಲೇ ಇರ್ಲಿ. ಅವತ್ತ ಎರಡು ಗಂಟಿಗೆ ನನ್ನ ಕೈಗೆ ಬರಬೇಕಾಗಿತ್ತು," ಎಂದಳು.

ನಾನು ಚಪ್ಪಲಿ ಹಾಕಿಕೊಳ್ಳುವಾಗ ಅವಳು ಗೋಡೆಯ ಮೇಲಿನ ಚೀಟಿಗಳನ್ನು ಒಂದೊಂದಾಗಿ ಕೀಳುತ್ತಿದ್ದಳು.